ಸ್ಲೋ ಆಗಿ ಓಡೋರಿಗೆ ದೊಡ್ಡ ಮ್ಯಾರಥಾನ್‌ಗಳಲ್ಲಿ ಜಾಗ ಕೊಡ್ಬೇಕಾ?

ಪರ

ಕಬ್ಬನ್ ಪಾರ್ಕಲ್ಲಿ ನಾನು ಓಡ್ತಿದ್ರೆ ವಾಕಿಂಗ್ ಬಂದಿರೋ ತಾತಂದಿರು ಆರಾಮಾಗಿ ಮಾತಾಡ್ಕೊಂಡು ನನ್ನ ದಾಟ್ಕೊಂಡು ಹೋಗ್ತಾರೆ, ಅಷ್ಟು ಸ್ಲೋ. ನಾಚಿಕೆ ಏನಿಲ್ಲ. ಆದ್ರೆ "ನಿಮ್ಮಂಥೋರು ಮ್ಯಾರಥಾನ್‌ಗೆ ಯಾಕ್ ಬರ್ತೀರ" ಅಂದಾಗ ಮಾತ್ರ ಉರಿಯುತ್ತೆ. ನಾವು ಯಾರಿಗ್ರೀ ಅಡ್ಡ? ವೇವ್ ಮಾಡಿ, ಅಂದ್ರೆ ಗುಂಪು ಗುಂಪಾಗಿ ಒಂದರ ಹಿಂದೆ ಒಂದು ಬಿಡ್ತಾರೆ, ಎದೆ ಮೇಲಿನ ನಂಬರ್ ಚೀಟಿ ಇರುತ್ತಲ್ಲ, ಆ ಬಿಬ್‌ನಲ್ಲಿ ಟೈಮ್ ಅಳೆಯೋ ಚಿಪ್ ಇರುತ್ತೆ, ನಾನು ಸ್ಟಾರ್ಟ್ ಲೈನ್ ಮುಟ್ಟೋ ಹೊತ್ತಿಗೆ ಮುಂದಿನೋರು ಕಣ್ಣಿಗೇ ಕಾಣಲ್ಲ. 2023ರಲ್ಲಿ ಚಿಕಾಗೋದಲ್ಲಿ ಕೀನ್ಯಾದ ಕೆಲ್ವಿನ್ ಕಿಪ್ಟಮ್ 2 ಗಂಟೆ 35 ಸೆಕೆಂಡಿಗೆ ವರ್ಲ್ಡ್ ರೆಕಾರ್ಡ್ ಮಾಡಿದ್ರಲ್ಲ, ಹಿಂದೆ ಕಾಲೆಳ್ಕೊಂಡು ಬರ್ತಿದ್ದೋರಿಂದ ಅವ್ರಿಗೇನಾದ್ರೂ ತೊಂದ್ರೆ ಆಯ್ತಾ?

ಫೌಜಾ ಸಿಂಗ್ ಅವ್ರು 2000ದಲ್ಲಿ ಲಂಡನ್ ಮ್ಯಾರಥಾನ್ ಓಡಿದಾಗ ವಯಸ್ಸು 89, ತಗೊಂಡಿದ್ದು 6 ಗಂಟೆ 54 ನಿಮಿಷ. ಬರ್ಲಿನ್ ಮ್ಯಾರಥಾನ್‌ನಲ್ಲಿರೋ 6 ಗಂಟೆ 15 ನಿಮಿಷದ ಕಟ್ ಆಫ್ (ಅಷ್ಟರೊಳಗೆ ಮುಗಿಸ್ಬೇಕು ಅನ್ನೋ ಗಡುವು) ಹಾಕಿದ್ರೆ ಆ ತಾತ ಅವತ್ತು ಔಟ್.

ಜಾಗ ಕೊಟ್ಟ ಮೇಲೆ ನೆಟ್ಟಗೆ ನಡೆಸ್ಕೊಳ್ಳೋದೂ ಬೇಕು. 2019ರಲ್ಲಿ ಅದೇ ಲಂಡನ್‌ನಲ್ಲಿ ಏಳೂವರೆ ಗಂಟೆಗೆ ಮುಗಿಸೋ ಹಾಗೆ ದಾರಿ ತೋರ್ಸ್ತಾ ಓಡೋ ಪೇಸರ್ ಜೊತೆ ಬರ್ತಿದ್ದೋರನ್ನ ಕ್ಲೀನಿಂಗ್‌ನೋರು ದಪ್ಪ, ಸ್ಲೋ ಅಂತ ಆಡ್ಕೊಂಡ್ರು, ಆಮೇಲೆ ಆಯೋಜಕರು ಸಾರಿ ಕೇಳಿದ್ರು. ಪೇಸರ್ ಇಟ್ಟಿದ್ದೂ ಅವ್ರೇ ಅಲ್ವಾ! ನಂಗೂ ಒಂದ್ಸಲ ಹಿಂಗೇ, ಹಾಫ್ ಮ್ಯಾರಥಾನ್‌ನ ಕೊನೇ ನೀರಿನ ಟೇಬಲ್ ಹತ್ರ ಹೋದ್ರೆ ಬರೀ ತುಳಿದ ಲೋಟ, ಬಾಳೆಹಣ್ಣಿನ ಸಿಪ್ಪೆ, ಟೇಬಲ್ ಮಡಚ್ತಿದ್ದ ಹುಡುಗಿ ಪಾಪ ತನ್ನ ಬ್ಯಾಗಿಂದ ಅರ್ಧ ಬಾಟಲ್ ನೀರು ತೆಗೆದು ಕೊಟ್ಳು.

ವಿರೋಧ

ಆ ಹುಡುಗಿ ಕಡೆಯಿಂದ ನಾನ್ ಮಾತಾಡ್ತೀನಿ, ಯಾಕಂದ್ರೆ ನಾನು ಓಡಿದ್ದಕ್ಕಿಂತ ನೀರು ಕೊಟ್ಟಿದ್ದೇ ಜಾಸ್ತಿ. ಬೆಳಗ್ಗೆ ಮೂರೂವರೆಗೆ ಎದ್ದು ಬಂದು, ಕತ್ತಲಲ್ಲೇ ಕ್ರೇಟ್ ಇಳಿಸಿ, ಲೋಟಕ್ಕೆ ನೀರು ತುಂಬಿಸಿ ನಿಂತಿರ್ತೀವಿ. ಹತ್ತು ಗಂಟೆ ಮೇಲೆ ಬಿಸಿಲೇರಿದ ಮೇಲೆ ಬರೋರಿಗೇ ಕಾಲು ಹಿಡ್ಕೊಳ್ಳೋದು, ತಲೆ ಸುತ್ತೋದು ಎಲ್ಲ ಜಾಸ್ತಿ, ಅಷ್ಟೊತ್ತಿಗೆ ನೋವಿನ ಸ್ಪ್ರೇ ಖಾಲಿ, ನಾವೂ ಖಾಲಿ, ಪೊಲೀಸ್‌ನೋರು ರೋಡ್ ಬಿಡಿ ಅಂತ ಸೀಟಿ ಊದ್ತಿರ್ತಾರೆ. ಆಗ ಒಬ್ರು ಕ್ರಾಂಪ್ ಬಂದು ಫುಟ್‌ಪಾತ್ ಮೇಲೆ ಕೂತಿದ್ರೆ ಪಕ್ಕದಲ್ಲಿ ಇನ್ನೊಬ್ರು ಸೆಲ್ಫಿ ಸ್ಟಿಕ್ ಹಿಡ್ಕೊಂಡು, ಮೂರನೇ ಕಿಲೋಮೀಟರಿಂದ್ಲೇ ನಡ್ಕೊಂಡ್ ಬಂದೆ ಅಂತ ನಗ್ತಾ ಹೇಳಿದ್ರು. ಹೇಗಾಗ್ಬೇಡ?

ಲಂಡನ್ 2025ರ ಬ್ಯಾಲಟ್‌ಗೆ, ಅಂದ್ರೆ ಸೀಟಿಗೆ ಎತ್ತೋ ಲಾಟರಿಗೆ, ಅರ್ಜಿ ಹಾಕಿದೋರು 8.4 ಲಕ್ಷ, ಓಡಿ ಮುಗಿಸಿದ್ದು 56 ಸಾವಿರ ಚಿಲ್ಲರೆ. ಪ್ರ್ಯಾಕ್ಟೀಸೇ ಮಾಡ್ದೆ ಬಂದೋರಿಗೆ ಒಂದು ಸೀಟ್ ಹೋದ್ರೆ, ವರ್ಷವಿಡೀ ಬೆವರು ಸುರಿಸಿದೋನು ಮನೇಲಿ ಟಿವಿ ನೋಡ್ಬೇಕು. ಬಾಸ್ಟನ್‌ನೋರು 1970ರಿಂದ್ಲೇ ಮೊದ್ಲು ಓಡಿದ ಟೈಮ್ ತೋರ್ಸಿ ಅಂತಾರೆ, ದಾನಕ್ಕೆ ದುಡ್ಡು ಎತ್ತೋರಿಗೆ ಕೊಡೋ ಚಾರಿಟಿ ಬಿಬ್ ಒಂದಿಷ್ಟು ಬಿಟ್ಟು.

ಫೌಜಾ ಸಿಂಗ್ ಹೆಸರು ತೆಗೆದ್ರೆ ಎಲ್ರೂ ಗಪ್‌ಚುಪ್ ಆಗ್ತಾರೆ, ನಂಗೂ ಆ ತಾತ ಅಂದ್ರೆ ಪ್ರಾಣ. ಆದ್ರೆ ಅವ್ರು 2003ರಲ್ಲಿ ಟೊರಾಂಟೋದಲ್ಲಿ ಎಷ್ಟೊತ್ತಿಗೆ ಮುಗಿಸಿದ್ರು ಗೊತ್ತಾ, 5 ಗಂಟೆ 40 ನಿಮಿಷ, 92ನೇ ವಯಸ್ಸಲ್ಲಿ! ಬರ್ಲಿನ್ ಲೆಕ್ಕದಲ್ಲೂ 35 ನಿಮಿಷ ಇನ್ನೂ ಕೈಲಿತ್ತು. ಕಟ್ ಆಫ್ ಇರ್ಲಿ, ಹಿಂದೆ ಬಿದ್ದೋರನ್ನ ಕರ್ಕೊಂಡು ಹೋಗೋ ಬಸ್ ಬಂದು ಹತ್ತಿ ಅಂದ್ರೆ ಜಗಳ ಆಡ್ದೆ ಹತ್ತಿ, ಪ್ರ್ಯಾಕ್ಟೀಸ್ ಮಾಡ್ಕೊಂಡು ಮುಂದಿನ ವರ್ಷ ಬನ್ನಿ, ಬಾಳೆಹಣ್ಣು ಎತ್ತಿಟ್ಟಿರ್ತೀನಿ.