ವಿನೋದ್ ಖೋಸ್ಲಾ ಓದಿದ್ದು ಪುಣೆಯಲ್ಲಲ್ಲ

ಪುಣೆಯ ನಮ್ಮ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಅಮೆರಿಕದ ಉದ್ಯಮಿ ವಿನೋದ್ ಖೋಸ್ಲಾ ಬಗ್ಗೆ ಒಂದು ಸಂದೇಶ ಓಡಾಡ್ತಿದೆ: ‘ವಿನೋದ್ ಖೋಸ್ಲಾ ಪುಣೆಯಲ್ಲೇ ಇಂಜಿನಿಯರಿಂಗ್ ಓದಿ, ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯನ್ನು ಒಬ್ಬರೇ ಕಟ್ಟಿದರು.’ ಇದು ತಪ್ಪು.

ಅವರು 1955ರಲ್ಲಿ ಹುಟ್ಟಿದ್ದು ಪುಣೆಯಲ್ಲಿ, ಅಷ್ಟು ನಿಜ. ಇಂಜಿನಿಯರಿಂಗ್ ಓದಿದ್ದು ದೆಹಲಿ ಐಐಟಿಯಲ್ಲಿ. ಎಂಬಿಎ ಮಾಡಿದ್ದು ಅಮೆರಿಕದ ಸ್ಟ್ಯಾನ್‌ಫೋರ್ಡ್‌ನಲ್ಲಿ.

1982ರಲ್ಲಿ ಕಂಪ್ಯೂಟರ್ ಕಂಪನಿ ಸನ್ ಶುರುವಾದಾಗ ಜೊತೆಗಿದ್ದವರು ಆಂಡಿ ಬೆಕ್ಟೋಲ್‌ಶೈಮ್, ಸ್ಕಾಟ್ ಮೆಕ್‌ನೀಲಿ, ಬಿಲ್ ಜಾಯ್. ಕಂಪನಿಯ ಮೊದಲ ವರ್ಕ್‌ಸ್ಟೇಷನ್‌ನ (ಹೆಚ್ಚು ಶಕ್ತಿಯ ಕಂಪ್ಯೂಟರಿನ) ವಿನ್ಯಾಸ ಬೆಕ್ಟೋಲ್‌ಶೈಮ್ ಅವರದು. ಅವರ ದುಡಿಮೆಯನ್ನು ಸುಮ್ನೆ ಅಳಿಸಿಹಾಕುವುದು ನನಗಂತೂ ಬೇಸರದ ವಿಷಯ.

ಖೋಸ್ಲಾ ಬಂಡವಾಳ ಹೂಡಿಕೆಗೆ ಇಳಿದಿದ್ದು ಆಮೇಲೆ. 1986ರಲ್ಲಿ ಕ್ಲೈನರ್ ಪರ್ಕಿನ್ಸ್ ಎಂಬ ಹೂಡಿಕೆ ಕಂಪನಿ ಸೇರಿದರು. ಸ್ವಂತದ ಖೋಸ್ಲಾ ವೆಂಚರ್ಸ್ ಶುರುವಾಗಿದ್ದು 2004ರಲ್ಲಿ. ಹಳೆಯ ಸಂದೇಶ ಕಳಿಸಿದವರು ದಯವಿಟ್ಟು ಇದನ್ನೂ ಅದೇ ಗುಂಪಿಗೆ ಕಳಿಸಿ.