ಒಂಟಿ ಎಲೆಕ್ಟ್ರಾನ್‌ಗಳ ಎಣಿಕೆ ಸಾಲದು
ಪರಮಾಣುವಿನಲ್ಲಿ ಜೋಡಿಯಿಲ್ಲದ ನಾಲ್ಕು ಒಂಟಿ ಎಲೆಕ್ಟ್ರಾನ್‌ಗಳಿರುವುದರಿಂದಲೇ ಕಬ್ಬಿಣ ಅಯಸ್ಕಾಂತವಾಗುತ್ತದೆ ಎಂಬ ಲೇಖನವೊಂದರ ಮಾತು ಒಪ್ಪುವಂಥದ್ದಲ್ಲ. ಹಾಗಿದ್ದರೆ ಐದು ಇರುವ ಮ್ಯಾಂಗನೀಸ್ ಇನ್ನೂ ಬಲವಾದ ಅಯಸ್ಕಾಂತವಾಗಬೇಕಿತ್ತು, ಆಗಿಲ್ಲ. ಬಿಡಿ ಪರಮಾಣುವಿನ ಲೆಕ್ಕ ಲೋಹಕ್ಕೆ ನಡೆಯುವುದಿಲ್ಲ. ಲೋಹದಲ್ಲಿ 3d ಕಕ್ಷಕಗಳು (ಎಲೆಕ್ಟ್ರಾನ್‌ಗಳ ಒಂದು ಬಗೆಯ ನೆಲೆಗಳು) ಬೆರೆತು ಶಕ್ತಿಯ ಪಟ್ಟಿಗಳಾಗುತ್ತವೆ; ಕಬ್ಬಿಣದ ಫರ್ಮಿ ಮಟ್ಟ, ಅಂದರೆ ಎಲೆಕ್ಟ್ರಾನ್‌ಗಳು ತುಂಬಿರುವ ಮೇಲಿನ ಗಡಿ, ಬಂಧವನ್ನು ಸಡಿಲಿಸುವ ಸ್ಥಿತಿಗಳು ದಟ್ಟವಾಗಿರುವ ಕಡೆಯೇ ಬೀಳುತ್ತದೆ. ಹಾಗಾಗಿ ಒಂದಷ್ಟು ಎಲೆಕ್ಟ್ರಾನ್‌ಗಳು ಸ್ಪಿನ್ (ತಮ್ಮ ಕಾಂತ ಗುಣದ ದಿಕ್ಕು) ಬದಲಿಸಿದರೆ ಒಟ್ಟು ಶಕ್ತಿ ಇಳಿಯುತ್ತದೆ. ಕೊನೆಗೆ ಕಬ್ಬಿಣದ ಪರಮಾಣುವಿಗೆ ಉಳಿಯುವುದು ಸುಮಾರು 2.2 ಬೋರ್ ಮ್ಯಾಗ್ನೆಟಾನ್ (ಕಾಂತತ್ವದ ಮಾನ; ಒಂದು ಎಲೆಕ್ಟ್ರಾನಿನ ಸ್ಪಿನ್‌ಗೆ ಸುಮಾರು ಒಂದು), ನಿಕ್ಕಲ್‌ನಲ್ಲಿ ಬರೀ 0.6. ಎಲೆಕ್ಟ್ರಾನ್ ಎಣಿಸಿದರೆ ಇಂಥ ಭಿನ್ನರಾಶಿ ಎಲ್ಲಿಂದ ಬರಬೇಕು?

ಪರಮಾಣುಗಳ ಜೋಡಣೆಯೂ ಮುಖ್ಯ. ಪಾತ್ರೆಗಳಿಗೆ ಬಳಸುವ 304 ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಹೆಚ್ಚಿನ ಪಾಲು ಕಬ್ಬಿಣವೇ, ಆದರೂ ಜೋಡಣೆ ಬೇರೆಯಾದ್ದರಿಂದ ಅದರ ಹಾಳೆಗೆ ಅಯಸ್ಕಾಂತ ಅಂಟುವುದಿಲ್ಲ. ಅದನ್ನೇ ಕಾಯಿಸದೆ ಬಗ್ಗಿಸಿದರೆ ಮಡಿಕೆಯಲ್ಲಿ ಮಾರ್ಟೆನ್ಸೈಟ್ ಎಂಬ ಇನ್ನೊಂದು ಜೋಡಣೆ ಹುಟ್ಟಿ, ಅಲ್ಲಿ ಮಾತ್ರ ತುಸು ಎಳೆಯುತ್ತದೆ. ಅಯಸ್ಕಾಂತ ಹಿಡಿದು ಪಾತ್ರೆ ಪರೀಕ್ಷಿಸುವವರು ಸುರುಳಿ ಅಂಚನ್ನಲ್ಲ, ಚಪ್ಪಟೆ ತಳವನ್ನು ನೋಡಲಿ.