ಮೂರು ಗಂಟೆಯ ಚೀಟಿ

ನಮ್ಮ ಭಾವ ಜಿಪುಣರಲ್ಲ. ಐದು ಜನಕ್ಕೆ ಥೀಮ್ ಪಾರ್ಕಿನ ಟಿಕೆಟ್ ತೆಗೆಯುವಾಗ ಅವರ ಕೈ ನಡುಗಲಿಲ್ಲ. ತಲೆಗೆ ನೂರು ಡಾಲರಿಗೂ ಜಾಸ್ತಿ. ನಗುತ್ತಲೇ ಕಾರ್ಡ್ ಉಜ್ಜಿದರು. ಆದರೆ ಪಾರ್ಕಿಂಗ್‌ಗೆ 30 ಡಾಲರ್ ಅಂತ ಕಂಡ ಕೂಡಲೇ ಮುಖ ಬಾಡಿತು.

"ಕಾರು ಸುಮ್ನೆ ನಿಂತಿರುತ್ತೆ. ಏನೂ ತಿನ್ನಲ್ಲ, ಯಾವ ಆಟನೂ ಆಡಲ್ಲ. ಅದಕ್ಕ್ಯಾಕೆ ಟಿಕೆಟ್?" ಅಂದರು.

ಯಾರ ಹತ್ತಿರವೂ ಉತ್ತರ ಇರಲಿಲ್ಲ. ಅದೇ ತಪ್ಪಾಯಿತು. ಅಲ್ಲಿಂದ ಎರಡು ವಾರ ಭಾವ ಪಾರ್ಕಿಂಗ್ ನಿಯಮಗಳನ್ನೇ ಓದಿದರು. ಪುಟ್ಟಿ ಹುಟ್ಟುವ ಸಮಯದಲ್ಲೂ ಈ ಮನುಷ್ಯ ಇಷ್ಟು ಓದಿರಲಿಲ್ಲ ಅಂತ ಅಕ್ಕ ಹೇಳಿದಳು.

ಓದೋಕೂ ಬೇಕಾದಷ್ಟಿತ್ತು ಅನ್ನಿ. ನಾವು ಹೊರಟಿದ್ದು ಫ್ಲೋರಿಡಾದ ಒರ್ಲಾಂಡೊಗೆ. ಅಲ್ಲಿ ಡಿಸ್ನಿ ವರ್ಲ್ಡ್ ಒಂದೇ ಸುಮಾರು 25,000 ಎಕರೆ ಹರಡಿಕೊಂಡಿದೆ. ಇಷ್ಟು ಜಾಗ ಇಟ್ಟುಕೊಂಡು ಒಂದು ಕಾರಿಗೆ ದುಡ್ಡು ಕೇಳ್ತಾರಾ ಅಂತ ಭಾವನ ಸಂಕಟ. ಜಾಗ ಎಷ್ಟಿದ್ದರೇನು, ಎಲ್ಲರಿಗೂ ಬೇಕಾದದ್ದು ಗೇಟಿನ ಪಕ್ಕದ ಜಾಗ ತಾನೇ? 1971ರಲ್ಲಿ ಶುರುವಾದ ಅಲ್ಲಿನ ಮೊದಲ ಪಾರ್ಕಿಗೆ ಕಾರಲ್ಲಿ ಬಂದವರು ಗೇಟಿನ ಹತ್ತಿರಕ್ಕೇ ಹೋಗುವ ಹಾಗಿಲ್ಲ. ಕಾರು ಬಿಟ್ಟು ಟ್ರ್ಯಾಮ್ ಹತ್ತಬೇಕು. ಟ್ರ್ಯಾಮ್ ಇಳಿದು ಮೋನೋರೈಲೋ ದೋಣಿಯೋ ಹಿಡಿದು ಕೆರೆಯ ಆಚೆ ಕಡೆ ಸೇರಬೇಕು. ಪಾರ್ಕಿಂಗ್ ಬಯಲನ್ನು ನಾಯಕರ ಕಡೆ, ಖಳನಾಯಕರ ಕಡೆ ಅಂತ ಎರಡು ಪಾಲು ಮಾಡಿದ್ದಾರೆ. ರಾತ್ರಿ ಹನ್ನೊಂದಕ್ಕೆ ಕಾಲು ನೋಯಿಸಿಕೊಂಡು ಬಂದ ಸಂಸಾರಗಳು ಅಲ್ಲಿ ನಿಂತು ನಾವು ಒಳ್ಳೆಯವರಾ ಕೆಟ್ಟವರಾ ಅಂತ ಜಗಳ ಆಡುವುದನ್ನು ನೆನೆಸಿಕೊಂಡೇ ನನಗೆ ನಗು ಬಂತು.

ಇನ್ನು ಹೋಟೆಲುಗಳು. ಡಿಸ್ನಿ ಹೋಟೆಲುಗಳಲ್ಲಿ ಉಳಿದವರು ಕಾರು ನಿಲ್ಲಿಸಲು ಏನೂ ಕೊಡಬೇಕಿಲ್ಲ. 2018ರಲ್ಲಿ ರಾತ್ರಿಗಿಷ್ಟು ಅಂತ ವಸೂಲಿ ಶುರು ಮಾಡಿದ್ದರು, 2023ರ ಜನವರಿಯಲ್ಲಿ ಕೈಬಿಟ್ಟರು. ಪಕ್ಕದಲ್ಲಿರುವ ಇನ್ನೊಂದು ಥೀಮ್ ಪಾರ್ಕು ಯೂನಿವರ್ಸಲ್‌ನ ಲೆಕ್ಕವೇ ಬೇರೆ. ಅಲ್ಲಿ ಹೋಟೆಲಿನಲ್ಲಿ ಉಳಿದವರೂ ಕಾರಿಗೆ ತೆರಬೇಕು. ಆದರೆ ಪಾರ್ಕಿನ ಗ್ಯಾರೇಜು ಸಾಮಾನ್ಯವಾಗಿ ಸಂಜೆ 6ರ ಮೇಲೆ ಫ್ರೀ. "ಸಂಜೆ ಆರಕ್ಕೆ ಹೋಗಿ ಏನು ನೋಡ್ತೀರಿ, ಬಾಗಿಲು ಹಾಕೋದನ್ನಾ?" ಅಂದಳು ಅಕ್ಕ. ಆ ದಾರಿ ಮುಚ್ಚಿತು.

ಡಿಸ್ನಿ ಸ್ಪ್ರಿಂಗ್ಸ್ ಅಂತ ಅಂಗಡಿ ಬೀದಿ ಒಂದಿದೆ. ಅಲ್ಲಿನ ಗ್ಯಾರೇಜುಗಳಿಗೆ ಆರೆಂಜ್, ಲೈಮ್, ಗ್ರೇಪ್‌ಫ್ರೂಟ್ ಅಂತ ಹೆಸರು. ಮೂರೂ ಫ್ರೀ. ಭಾವ ಕುರ್ಚಿಯಿಂದ ಎದ್ದೇಬಿಟ್ಟರು. ಆಮೇಲೆ ಮುಂದಿನ ಸಾಲು ಓದಿ ಕೂತರು. ಅಲ್ಲಿಂದ ಹೋಟೆಲುಗಳಿಗೆ ಬಸ್ಸಿದೆ, ಪಾರ್ಕುಗಳಿಗೆ ನೇರ ಬಸ್ಸಿಲ್ಲ. ನಮ್ಮ ಭಾವನಂಥವರು ಮೊದಲೇ ಬಂದು ಹೋಗಿದ್ದಾರೆ ಅಂತ ನನಗೆ ಆಗಲೇ ಗೊತ್ತಾಯಿತು.

ಕೊನೆಗೆ ಉಳಿದದ್ದು ಒಂದೇ ಕಿಂಡಿ. ಡಿಸ್ನಿ ಹೋಟೆಲಿನಲ್ಲಿ ಉಳಿಯದಿದ್ದರೂ ಊಟಕ್ಕೆ ಬರುವವರನ್ನು ಗೇಟಿನಲ್ಲಿ ಬಿಡುತ್ತಾರೆ. ಕಾರಿಗೆ ದುಡ್ಡಿಲ್ಲ. ಊಟ ಮಾಡಿ ಹೊರಡಬೇಕು, ಅಷ್ಟೇ. ಅಂಥ ಕೆಲವು ಹೋಟೆಲುಗಳಿಂದ ಪಾರ್ಕಿಗೆ ಹತ್ತು ನಿಮಿಷದ ಕಾಲುದಾರಿ. ಊಟ ಮಾಡಬೇಕು ಅನ್ನುವುದು ಸರಿ. ಊಟ ಆದ ತಕ್ಷಣ ಹೊರಡಲೇಬೇಕಾ ಅನ್ನುವುದರ ಮೇಲೆ ಭಾವ ತಮ್ಮ ಕೋಟೆ ಕಟ್ಟಿದರು.

ನಾವು ಹೋದ ಹೋಟೆಲಿನ ಹೆಸರು ಹೇಳುವುದಿಲ್ಲ. ಭಾವನಿಗೆ ಇನ್ನೊಮ್ಮೆ ಹೋಗುವ ಆಸೆ ಇದೆ.

ಊಟ ಅಂದರೂ ಸಿಕ್ಕಿದ್ದು ಬೆಳಗಿನ ತಿಂಡಿಯ ಜಾಗ. ಅಲ್ಲಿ ಟೇಬಲ್ ಹಿಡಿಯುವುದೇ ಒಂದು ಸಾಹಸ. ಡಿಸ್ನಿಯಲ್ಲಿ 60 ದಿನ ಮುಂಚೆಯೇ ಬುಕಿಂಗ್ ತೆರೆಯುತ್ತಾರೆ, ಜನ ಬೆಳಗ್ಗೆ ಎದ್ದು ಕಾದು ಕೂತಿರುತ್ತಾರೆ. ಬುಕ್ ಮಾಡಿ ಹೋಗದೇ ಇದ್ದರೆ ಬಹಳ ಕಡೆ ತಲೆಗೆ 10 ಡಾಲರ್ ಹಿಡಿಯುತ್ತಾರೆ. ಅಂದರೆ ಬರೀ ಹೆಸರು ಬರೆಸಿ ಕಾರು ನಿಲ್ಲಿಸಿ ಓಡುವ ಹಾಗಿಲ್ಲ. ಯಾರೋ ಕೊನೇ ಗಳಿಗೆಯಲ್ಲಿ ಬಿಟ್ಟ ಟೇಬಲ್ಲು ಭಾವನಿಗೆ ಸಿಕ್ಕಿತು. ಐದು ಜನದ ಬಫೆಗೆ ಎಷ್ಟಾಗುತ್ತೆ ಅಂತ ಅಕ್ಕ ಕೇಳಿದಳು.

"ಅದು ಬೇರೆ ಲೆಕ್ಕ," ಅಂದರು ಭಾವ.

ಆ ದಿನ ಬೆಳಗ್ಗೆ ಅಮ್ಮ ಮುಂದಿನ ಸೀಟಿನಲ್ಲಿ ಕೂತಿದ್ದಳು. ಹಿಂದೆ ನಾನು, ಅಕ್ಕ, ಪುಟ್ಟಿ. ಅಮ್ಮನ ಬಗ್ಗೆ ಒಂದು ಮಾತು ಹೇಳಬೇಕು. ಅಮೆರಿಕಕ್ಕೆ ಬಂದಾಗಿನಿಂದ ಅಚ್ಚಾದ ಕಾಗದ ಏನು ಸಿಕ್ಕಿದರೂ ಅವಳು ಪರ್ಸಿಗೆ ಸೇರಿಸುತ್ತಿದ್ದಳು. ವಿಮಾನದ ಕರವಸ್ತ್ರ, ಮ್ಯೂಸಿಯಮ್ಮಿನ ನಕ್ಷೆ, ಸಕ್ಕರೆಯ ಪೊಟ್ಟಣ. ವಾಪಸ್ ಹೋದ ಮೇಲೆ ಎಲ್ಲರಿಗೂ ತೋರಿಸಬೇಕಲ್ಲ.

ಹೋಟೆಲಿನ ಗೇಟಿನಲ್ಲಿ ಕಾವಲಿನವನು ನಗುನಗುತ್ತಾ ಬಗ್ಗಿದ. ಭಾವನ ಹಣೆಯಲ್ಲಿ ಆಗಲೇ ಬೆವರು.

"ಊಟಕ್ಕೆ," ಅಂದರು ಭಾವ, ಅವನು ಏನೂ ಕೇಳುವ ಮೊದಲೇ.

ಅವನು ಲಾಸ್ಟ್ ನೇಮ್ ಕೇಳಿದ. ಭಾವ ತಮ್ಮದು ಹೇಳಿದರು. ಪಟ್ಟಿಯಲ್ಲಿ ಇರಲಿಲ್ಲ. ಬುಕ್ ಮಾಡಿದ್ದು ಅಕ್ಕನ ಖಾತೆಯಿಂದ. ಅಕ್ಕನ ಪಾಸ್‌ಪೋರ್ಟಿನಲ್ಲಿ ಲಾಸ್ಟ್ ನೇಮ್ ಜಾಗದಲ್ಲಿ ನಮ್ಮಪ್ಪನ ಹೆಸರಿದೆ. ಭಾವನ ಲೈಸೆನ್ಸಿನಲ್ಲಿ ಅವರಪ್ಪನ ಹೆಸರಿದೆ. ಪುಟ್ಟಿಯ ಲಾಸ್ಟ್ ನೇಮ್ ಭಾವನ ಹೆಸರು. ನನ್ನದು ಒಂದೇ ಅಕ್ಷರ. ಒಂದೇ ಕಾರಿನಲ್ಲಿ ಒಂದೇ ಮನೆಯ ಇಷ್ಟು ಲಾಸ್ಟ್ ನೇಮುಗಳನ್ನು ಅವನು ಕಂಡಿರಲಿಲ್ಲ. ಅಕ್ಕ ಹಿಂದಿನಿಂದ ಅಪ್ಪನ ಹೆಸರು ಹೇಳಿದಳು. ಅವನು ಅದನ್ನು ತುಂಡು ತುಂಡು ಮಾಡಿ ಓದಿ, "ಇದೇನಾ?" ಅಂದ.

"ಯಜಮಾನರ ಹೆಸರು ಹೇಳ್ತಾ ಇದ್ದಾನಲ್ಲೇ!" ಅಂತ ಅಮ್ಮ ಸೆರಗು ಸರಿ ಮಾಡಿಕೊಂಡಳು.

ಅವನು ಚೀಟಿ ಕೊಟ್ಟ. ಬಣ್ಣಬಣ್ಣದ ಚಿತ್ರ, ಕೆಳಗೆ ತಾರೀಕು, ಪೆನ್ನಿನಲ್ಲಿ ಸಮಯ. ಮೂರು ಗಂಟೆ ಹೊತ್ತು ನಿಲ್ಲಿಸಬಹುದು, ಗಾಜಿನ ಹತ್ತಿರ ಕಾಣುವ ಹಾಗೆ ಇಡಿ, ಊಟ ಚೆನ್ನಾಗಿ ಮಾಡಿ ಅಂದ. ಭಾವ ಅದನ್ನು ಎರಡು ಕೈಯಲ್ಲಿ ಪ್ರಸಾದದ ಹಾಗೆ ತೆಗೆದುಕೊಂಡು ಸ್ಟಿಯರಿಂಗ್ ಮುಂದೆ ಇಟ್ಟರು. ಜಾರಿತು. ಮತ್ತೆ ಇಟ್ಟರು.

ಅಲ್ಲಿಂದ ಐವತ್ತು ಅಡಿ ಹೋಗಿ ತಪ್ಪು ಸಾಲಿಗೆ ಹೊಕ್ಕೆವು. ಅದು ವ್ಯಾಲೆ. ಚಡ್ಡಿ ಹಾಕಿದ ಹುಡುಗನೊಬ್ಬ ಓಡಿ ಬಂದು ಬಾಗಿಲು ತೆಗೆದು ಕೀಲಿಗೆ ಕೈ ಚಾಚಿದ. ಕಾರು ನಿಲ್ಲಿಸಿ ಕೊಡುವುದಕ್ಕೆ 30 ಡಾಲರಿಗಿಂತಲೂ ಜಾಸ್ತಿ, ಮೇಲೆ ಟಿಪ್ಸು. ಬಾಗಿಲು ತೆರೆದಿದ್ದ ಹಾಗೆಯೇ ಭಾವ ಮುಂದಕ್ಕೆ ಹೊರಟರು. ಹುಡುಗ ನಾಲ್ಕು ಹೆಜ್ಜೆ ಜೊತೆಗೇ ಓಡಿ ಬಾಗಿಲು ಹಾಕಿಕೊಟ್ಟ. ಒಳ್ಳೆಯ ಹುಡುಗ.

ಕಾರು ನಿಂತ ಮೇಲೆ ಎಲ್ಲರೂ ಇಳಿದೆವು. ಅಮ್ಮ ಮಾತ್ರ ಇಳಿಯಲಿಲ್ಲ. "ಕನ್ನಡಕ ಹುಡುಕ್ತಾ ಇದೀನಿ ಕಣೋ, ಬಂದೆ," ಅಂದಳು.

ಭಾವನ ಲೆಕ್ಕದಲ್ಲಿ ತಿಂಡಿಗೆ ನಲವತ್ತು ನಿಮಿಷ. ಆದರೆ ಅದು ಗೊಂಬೆ ವೇಷದವರು ಟೇಬಲ್ ಟೇಬಲಿಗೆ ಬಂದು ಮಾತಾಡಿಸುವ ಬಫೆ. ಮಾತಾಡಿಸುವುದು ಅಂದರೆ ನಾವು ಮಾತಾಡುವುದು. ದೊಡ್ಡ ತಲೆಯ ವೇಷದವರು ಬಾಯಿ ಬಿಡುವುದಿಲ್ಲ, ಕೈಸನ್ನೆ ಮಾತ್ರ. ನಮ್ಮ ಟೇಬಲ್ಲು ಮೂಲೆಯಲ್ಲಿತ್ತು. ಅವರೆಲ್ಲ ಬರುವವರೆಗೆ ಏಳಲ್ಲ ಅಂತ ಪುಟ್ಟಿ ಹಟ ಹಿಡಿದಳು. ಬಂದ ಮೊದಲನೆಯವನ ಕೈ ಹಿಡಿದು ಅಮ್ಮ ಕನ್ನಡದಲ್ಲೇ ಶುರು ಮಾಡಿದಳು. "ಏನಪ್ಪಾ, ತಿಂಡಿ ಆಯ್ತಾ? ಈ ಸೆಕೆಯಲ್ಲಿ ಇದನ್ನ ಹಾಕ್ಕೊಂಡು ಹೆಂಗಿರ್ತೀಯೋ? ನೀರು ಕುಡೀತೀಯಾ?" ಅಂತ ಲೋಟ ಎತ್ತಿ ಅವನ ಬಟ್ಟೆ ಬಾಯಿಗೆ ಹಿಡಿದಳು. ಅವನು ಎದೆಯ ಮೇಲೆ ಕೈಯಿಟ್ಟು ಬಗ್ಗಿ ನಮಸ್ಕಾರ ಮಾಡಿದ. ಅಮ್ಮನಿಗೆ ಕಣ್ಣು ತುಂಬಿತು. ಭಾವ ಗಡಿಯಾರ ನೋಡಿದರು.

"ಅತ್ತೆ, ಹೊರಡೋಣ್ವಾ?"

"ನೀವು ಸುಮ್ನಿರಿ ಅಳಿಯಂದ್ರೇ. ದುಡ್ಡು ಕೊಟ್ಟಿದೀರಿ, ಹಣ್ಣು ಇನ್ನೂ ಮುಟ್ಟೇ ಇಲ್ಲ."

ತಿಂಡಿ ಮುಗಿಯೋಕೆ ಒಂದು ಗಂಟೆ ಐವತ್ತು ನಿಮಿಷ ಹಿಡಿಯಿತು.

ಹೋಟೆಲಿನ ಹಿಂಬಾಗಿಲಿಂದ ಪಾರ್ಕಿನ ಕಡೆ ಹೊರಟಾಗ ಭಾವ ಪಿಸುಗುಟ್ಟಿದರು: "ಇಲ್ಲೇ ಉಳಿದಿರೋರ ಹಾಗೆ ನಡೀರಿ."

"ಅವರು ಹೆಂಗ್ರೀ ನಡೀತಾರೆ?" ಅಂದಳು ಅಕ್ಕ.

ಭಾವನಿಗೂ ಗೊತ್ತಿರಲಿಲ್ಲ. ಅಂಗಿಯ ಮೇಲಿನ ಗುಂಡಿ ಬಿಚ್ಚಿಕೊಂಡು, ಕೈ ಬೀಸುತ್ತಾ, ಏನೋ ಮರೆತವರ ಹಾಗೆ ನಡೆದರು. ನಮ್ಮ ಮುಂದೆ ಹೋಗುತ್ತಿದ್ದ ಗಂಡಸೊಬ್ಬ ಕೂಡ ಹಾಗೇ ನಡೆಯುತ್ತಿದ್ದ. ನನಗೆ ಅವನ ಮೇಲೂ ಅನುಮಾನ ಬಂತು.

ಮೂರು ಗಂಟೆ ಮುಗಿದಾಗ ನಾವು ಕತ್ತಲೆ ಗುಹೆಯಲ್ಲಿ ದೋಣಿ ಮೇಲೆ ಇದ್ದೆವು. ಭಾವನ ಫೋನು ಟ್ರಿಣ್ ಟ್ರಿಣ್ ಅಂತ ಕೂಗಿತು. ಅಲಾರಂ ಇಟ್ಟಿದ್ದರಂತೆ. ಯಾರೂ ನೋಡಲ್ಲ, ಸುಮ್ನೆ ಬರೆದಿರ್ತಾರೆ ಅಂತ ಎರಡು ವಾರದಿಂದ ನಮಗೆಲ್ಲ ಹೇಳುತ್ತಿದ್ದವರು ಇವರೇ.

ಅಲ್ಲಿಂದ ಭಾವ ಪಾರ್ಕಿನಲ್ಲಿ ಇರಲಿಲ್ಲ. ದೇಹ ಇತ್ತು, ಮನಸ್ಸು ಕಾರಿನ ಹತ್ತಿರ. ಎಲ್ಲಾದರೂ ಸರಪಳಿ ಸದ್ದಾದರೆ ಸಾಕು, ಕಾರು ಎಳೆದುಕೊಂಡು ಹೋಗ್ತಾ ಇದಾರೆ ಅಂತ ಬೆಚ್ಚುತ್ತಿದ್ದರು. ರೋಲರ್ ಕೋಸ್ಟರಿನ ಊರಿನಲ್ಲಿ ಸರಪಳಿ ಸದ್ದಿಗೆ ಏನು ಬರ? ಕೊನೆಗೆ, "ಒಂದ್ಸಲ ನೋಡ್ಕೊಂಡು ಬಂದ್ಬಿಡ್ತೀನಿ," ಅಂತ ಹೊರಟರು.

ಮುಕ್ಕಾಲು ಗಂಟೆಯ ಮೇಲೆ ಬಂದರು. ಕೈಯಲ್ಲಿ ಕಾಫಿ.

"ಕಾರು ಇದೆ. ಹೋಟೆಲಲ್ಲಿ ಕಾಫಿ ತಗೊಂಡೆ. ಬಿಲ್ ಮೇಲೆ ಟೈಮ್ ಪ್ರಿಂಟ್ ಆಗಿದೆ ನೋಡು," ಅಂತ ತೋರಿಸಿದರು. ಯಾರಾದರೂ ಕೇಳಿದರೆ ಊಟ ಇನ್ನೂ ಮುಗಿದಿಲ್ಲ, ನಡೀತಾನೇ ಇದೆ ಅನ್ನೋದಕ್ಕೆ ಸಾಕ್ಷಿಯಂತೆ.

ಹೊಸ ಸಿದ್ಧಾಂತ ಹುಟ್ಟಿತು. ಊಟ ಎಲ್ಲಿಯವರೆಗೆ ನಡೆಯುತ್ತದೋ ಅಲ್ಲಿಯವರೆಗೆ ನಾವು ನ್ಯಾಯವಾದ ಗಿರಾಕಿಗಳು. ಮಧ್ಯಾಹ್ನ ಎರಡಕ್ಕೆ ಮತ್ತೆ ಹೋದರು, ಮಫಿನ್ ತಿಂದು ಬಂದರು. ಫ್ಲೋರಿಡಾದ ಬೇಸಿಗೆಯಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಮಾಮೂಲು. ಮಿಂಚು ಹೊಡೆದರೆ ಹೊರಗಿನ ಆಟಗಳನ್ನೆಲ್ಲ ನಿಲ್ಲಿಸುತ್ತಾರೆ. ನಾವು ಅಂಗಡಿಯೊಂದರ ಸೂರಿನ ಕೆಳಗೆ ನಿಂತು ನೆನೆಯುತ್ತಿದ್ದಾಗ ಭಾವ ಮೂರನೇ ಸಲ ಹೋಗಿದ್ದರು. ಹೋಟೆಲಿನ ಲಾಬಿಯಲ್ಲಿ, ಏಸಿಯ ತಂಪಿನಲ್ಲಿ, ಮೆತ್ತನೆ ಸೋಫಾದಲ್ಲಿ ಕೂತು ಸೂಪು ಕುಡಿದರಂತೆ. ಪಿಯಾನೋ ಬೇರೆ ಬಾರಿಸುತ್ತಿದ್ದರಂತೆ. ನಾಲ್ಕನೇ ಸಲ ಹೋಗುವಾಗ ಅವರ ನಡಿಗೆಯಲ್ಲಿ ಭಯಕ್ಕಿಂತ ಆಸೆ ಜಾಸ್ತಿ ಇತ್ತು ಅಂತ ನನಗನ್ನಿಸಿತು. ಹೊಸ ಬಿಲ್ಲು ತಂದಾಗಲೆಲ್ಲ ಅಕ್ಕ ಏನೂ ಹೇಳಲಿಲ್ಲ. ತುಟಿ ಮಾತ್ರ ಅಲ್ಲಾಡುತ್ತಿತ್ತು. ಕೂಡುತ್ತಿದ್ದಳು.

"ಅಷ್ಟು ಸಲ ಹೋದ್ರಲ್ಲ, ಕಾರಿನ ಮೇಲೆ ನೋಟೀಸೇನಾದ್ರೂ ಅಂಟಿಸಿದಾರಾ?" ಅಂತ ನಾನು ಕೇಳಿದೆ.

"ಹತ್ತಿರ ಹೋಗಲಿಲ್ಲಪ್ಪ. ದೂರದಿಂದ ನೋಡಿದೆ. ಹತ್ತಿರ ಹೋದರೆ ಕಾರು ನಂದು ಅಂತ ಗೊತ್ತಾಗಿಬಿಡುತ್ತೆ."

ರಾತ್ರಿ ಪಟಾಕಿ ಪ್ರದರ್ಶನ ಮುಗಿಸಿ ಹೊರಟೆವು. ಭಾವ ಮುಂದೆ. ಕೈಯಲ್ಲಿ ನಾಲ್ಕು ಬಿಲ್ಲು, ಸಮಯದ ಪ್ರಕಾರ ಜೋಡಿಸಿದ್ದು. ಕಾರು ಇಟ್ಟ ಜಾಗದಲ್ಲೇ ಇತ್ತು. ನೋಟೀಸಿಲ್ಲ, ಚಕ್ರಕ್ಕೆ ಬೀಗ ಇಲ್ಲ. ಭಾವ ಟಾರ್ಚ್ ಹಾಕಿ ಮುಂದಿನ ಗಾಜಿನ ಒಳಗೆ ನೋಡಿದರು. ಅಲ್ಲೇ ನಿಂತುಬಿಟ್ಟರು.

"ಚೀಟಿ ಇಲ್ಲ."

ಯಾರೂ ಉಸಿರು ಬಿಡಲಿಲ್ಲ.

"ತಗೊಂಡು ಹೋಗಿದಾರೆ ಕಣೇ. ರೆಕಾರ್ಡಿಗೆ! ಬಾಗಿಲು ತೆಗೆದು ತಗೊಂಡು ಹೋಗಿದಾರೆ!"

"ಏನು, ಆ ಬಣ್ಣದ ಕಾಗದಾನಾ?" ಅಂದಳು ಅಮ್ಮ. ಪರ್ಸ್ ತೆಗೆದಳು. ವಿಮಾನದ ಕರವಸ್ತ್ರದ ಮಡಿಕೆಯೊಳಗೆ, ಒಂದು ಸುಕ್ಕೂ ಬೀಳದ ಹಾಗೆ, ಚೀಟಿ ಇತ್ತು. "ಬೆಳಗ್ಗೇನೇ ಎತ್ತಿಟ್ಟೆ. ಚಂದ ಇದೆ, ಗಾಜಿನ ಹತ್ತಿರ ಬಿಸಿಲಿಗೆ ಬಣ್ಣ ಹೋಗ್ತಿತ್ತಲ್ಲ."

ಬೆಳಗಿನಿಂದ ಹದಿಮೂರು ಗಂಟೆ ಆ ಕಾರು ಚೀಟಿಯೇ ಇಲ್ಲದೆ ನಿಂತಿತ್ತು.

ಭಾವ ಏನೂ ಮಾತಾಡದೆ ಕಾರು ತೆಗೆದರು. ಹೊರಗೆ ಹೋಗುವ ಗೇಟಿನಲ್ಲಿ ಯಾರೂ ಇರಲಿಲ್ಲ. ಕಾರು ಹತ್ತಿರ ಹೋದ ಕೂಡಲೇ ಅಡ್ಡಗಂಬ ತಾನಾಗೇ ಮೇಲೆದ್ದಿತು. ಆದರೂ ಭಾವ ಅಲ್ಲಿ ನಿಲ್ಲಿಸಿ, ಕಿಟಕಿ ಇಳಿಸಿ, ಬಿಲ್ಲುಗಳನ್ನು ಕೈಯಲ್ಲಿ ಹಿಡಿದು ಎರಡು ನಿಮಿಷ ಕಾದರು. ಹಿಂದಿನ ಕಾರಿನವನು ಹಾರ್ನ್ ಹೊಡೆದ.

ಅಮ್ಮ ಆ ಬಿಲ್ಲುಗಳನ್ನೇ ನೋಡುತ್ತಿದ್ದಳು.

"ಅದರಲ್ಲೂ ಚಿತ್ರ ಇದೆಯಾ ಅಳಿಯಂದ್ರೇ? ಇದ್ರೆ ಕೊಡಿ."